ದೊಡ್ಡ ಕಳ್ಳ ನಟರಾಜ ಮತ್ತು ಎದ್ದು ಕಾಣುವ ಯಜಮಾನ

ಚಪ್ಪಲಿ ಕಳೆದುಕೊಂಡವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಸಲ ‘ಥೂ’ ಎಂದು, ಬರಿಗಾಲಲ್ಲೇ ಆಟೋ ಹತ್ತಿ, ಮಾರನೆಯ ದಿನ ಹೊಸ ಜೋಡಿ ಕೊಂಡು ಮರೆತುಬಿಡುತ್ತಾರೆ. ನಾರಾಯಣಸ್ವಾಮಿಯವರು ಆ ಪೈಕಿಯವರಲ್ಲ. ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೀಟರುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ನೋಡುವುದು ಅವರ ಉದ್ಯೋಗ. ಇಪ್ಪತ್ತೆರಡು ವರ್ಷ ಮೀಟರಿನ ಮುಳ್ಳನ್ನೇ ನಂಬದೆ ಬದುಕಿದವರು ಮನುಷ್ಯರನ್ನು ಹೇಗೆ ನಂಬಿಯಾರು? ಬೆಳಿಗ್ಗೆ ಪೇಪರು ಬಂದರೆ ಮೊದಲು ತಾರೀಖು ನೋಡುತ್ತಾರೆ, ನಿನ್ನೆಯದನ್ನೇ ಮತ್ತೆ ಹಾಕಿದ್ದಾನೇನೋ ಎಂದು.

ಕಳೆದುಹೋದದ್ದು ಸಾಮಾನ್ಯ ಚಪ್ಪಲಿಯೂ ಅಲ್ಲ. ಊರಿನ ದ್ವಾರಕಾ ನಗರ ಬಡಾವಣೆಯಲ್ಲಿ ಮೂರು ಅಂಗಡಿ ಹತ್ತಿಳಿದು, ಚರ್ಮವನ್ನು ಮೂಸಿ, ಅಟ್ಟೆಯನ್ನು ಬಾಗಿಸಿ, ಅಂಗಡಿಯವನ ಮುಖದಲ್ಲಿ ಬೆವರು ಬಂದ ಮೇಲೆಯೇ ತೆಗೆದುಕೊಂಡ ಜೋಡಿ. ಅದು ಕಾಣೆಯಾದದ್ದು ವಿಜಯವಾಡದಲ್ಲಿ, ಹೆಂಡತಿ ಪಾರ್ವತಿಯ ತಮ್ಮ ಧನಂಜಯನ ಗೃಹಪ್ರವೇಶದ ದಿನ.

ಈ ಗೃಹಪ್ರವೇಶದ ಮಹತ್ವ ಹೇಳದೆ ಮುಂದೆ ಹೋಗುವಂತಿಲ್ಲ. ಆರು ವರ್ಷದ ಹಿಂದೆ ಧನಂಜಯನ ಮದುವೆಯಲ್ಲಿ ನಾರಾಯಣಸ್ವಾಮಿಯವರು ಕಾಫಿಯ ಲೋಟ ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ನೂರು ಜನರೆದುರು ತೀರ್ಪು ಕೊಟ್ಟಿದ್ದರು: “ಇದು ಎರಡನೇ ಡಿಕಾಕ್ಷನ್. ಮೊದಲನೇದು ಯಾರಿಗೋ ಹೋಗಿದೆ!” ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ತಾಯಿ ಜಯಮ್ಮನವರು ಮಗನ ಮನೆಯಲ್ಲಿದ್ದುದರಿಂದ ಪಾರ್ವತಿ ಆರು ವರ್ಷ ತಾಯಿಯ ದನಿಯನ್ನು ಫೋನಿನಲ್ಲಿ ಕೇಳಿದಳೇ ಹೊರತು ಮುಖ ನೋಡಲಿಲ್ಲ. ಈಗ, 2005ರ ಶ್ರಾವಣದಲ್ಲಿ, ತಮ್ಮನೇ ಫೋನು ಮಾಡಿ ಕರೆದಿದ್ದ. ಪಾರ್ವತಿ ಅಡುಗೆಮನೆಯಲ್ಲಿ ನಿಂತು ಅತ್ತು, ಮುಖ ತೊಳೆದು, ಆಮೇಲೆ ಗಂಡನಿಗೆ ಕಟ್ಟಾಜ್ಞೆ ಹೊರಡಿಸಿದಳು.

“ನಿಮ್ಮ ಅನುಮಾನಾನ ವೈಜಾಗಲ್ಲೇ ಬೀಗ ಹಾಕಿ ಇಟ್ಟು ಬರ್ಬೇಕು. ಅಲ್ಲಿ ಕಾಫಿ ಅಂತ ಸುಣ್ಣದ ನೀರು ಕೊಟ್ರೂ ಚಪ್ಪರಿಸಿ ಕುಡೀಬೇಕು. ಈ ಸಲ ನನ್ನ ತೌರು ತಪ್ಪಿಸಿದ್ರೆ ನಾನು ಕ್ಷಮಿಸಲ್ಲ, ನೋಡ್ಕೊಳಿ.”

ನಾರಾಯಣಸ್ವಾಮಿಯವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾಫಿ ಕುಡಿದು ‘ಆಹಾ’ ಎಂದರು. ಹೊಸದಾಗಿ ಕೊಂಡಿದ್ದ ಡಿಜಿಟಲ್ ಕ್ಯಾಮೆರಾದಲ್ಲಿ ಇನ್ನೂರ ಎಂಬತ್ತಾರು ಫೋಟೋ ತೆಗೆದರು. ಹೊರಡುವಾಗ ಬಾಗಿಲಿಗೆ ಬಂದರೆ ಚಪ್ಪಲಿ ಇಲ್ಲ! ತುಟಿ ಪಿಟಕ್ಕೆನ್ನದೆ, ಬಚ್ಚಲಿನ ನೀಲಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು ರೈಲು ಹತ್ತಿದರು. “ಹೋದ್ರೆ ಹೋಯ್ತು ಬಿಡಿ, ಶನಿ ಕಳೀತು ಅಂದ್ಕೊಳಿ” ಎಂದಳು ಪಾರ್ವತಿ. ಅವರು ಕಿಟಕಿಯಾಚೆ ನೋಡುತ್ತ ಕುಳಿತರು. ಮಾತು ಕೊಟ್ಟದ್ದು ಬಾಯಿಗೆ, ಮನಸ್ಸಿಗಲ್ಲ.

ಮನೆಗೆ ಬಂದ ಮರುದಿನದಿಂದಲೇ ನಾರಾಯಣಸ್ವಾಮಿ ತನಿಖಾ ಆಯೋಗ (ಏಕಸದಸ್ಯ) ಅಸ್ತಿತ್ವಕ್ಕೆ ಬಂತು. ಕಂಪ್ಯೂಟರಿನಲ್ಲಿ ಫೋಟೋಗಳನ್ನು ಒಂದೊಂದಾಗಿ ತೆರೆದು, ಮುಖಗಳನ್ನೆಲ್ಲ ಬಿಟ್ಟು, ಕಾಲುಗಳನ್ನು ಹಿಗ್ಗಿಸಿ ನೋಡತೊಡಗಿದರು. ಹೋಮದ ಬಳಿ ಕುಳಿತ ಕಾಲು, ಊಟದ ಪಂಕ್ತಿಯ ಕಾಲು, ಸೀರೆಯ ಅಂಚಿನಿಂದ ಇಣುಕುವ ಕಾಲು. ಪಾರ್ವತಿ ಹಿಂದೆ ಬಂದು ನಿಂತಳು.

“ಧನು ಫೋಟೋ ಕೇಳ್ತಿದಾನೆ, ಕಳಿಸ್ದ್ರಾ?”

“ಕಳಿಸೋದಲ್ಲ, ವೆಬ್ ಪುಟ ಮಾಡಿ ಹಾಕ್ತೀನಿ. ಮೊದಲು ಥಂಬ್‌ನೇಲ್ ತಯಾರಾಗ್ಬೇಕು.”

“ಅದೇನು ಹೆಬ್ಬೆಟ್ಟಿನ ಉಗುರಾ? ಅದಕ್ಕೇನಾ ಎಲ್ಲರ ಕಾಲು ನೋಡ್ತಾ ಕೂತಿರೋದು?”

ಆಯೋಗಕ್ಕೆ ಸಾರ್ವಜನಿಕರ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿಯಿರಲಿಲ್ಲ.

ಆ ಕಾಲಕ್ಕೆ ಫೋಟೋ ಹಾಕಲು ಬಿಟ್ಟಿ ವೆಬ್‌ಸೈಟುಗಳು ಆಗಲೇ ಬಂದಿದ್ದವು. ಆದರೆ ಹೆಸರು, ಹುಟ್ಟಿದ ದಿನ, ಊರು ಎಲ್ಲ ಕೇಳಿ ಬಿಟ್ಟಿಯಾಗಿ ಜಾಗ ಕೊಡುವವರನ್ನು ನಾರಾಯಣಸ್ವಾಮಿಯವರು ನಂಬುವುದುಂಟೇ? ಅವರು ನೆಚ್ಚಿದ್ದು ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿದ್ದ ಪುಟ್ಟ ತಂತ್ರಾಂಶವನ್ನು. ಅದಕ್ಕೆ ಬಣ್ಣವಿಲ್ಲ, ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಅಪ್ಪಣೆ ಟೈಪು ಮಾಡಿ, ಫೋಟೋಗಳಿರುವ ಕಡತಕೋಶದ ಹೆಸರು ಹೇಳಿದರೆ ಸಾಕು. ಎಲ್ಲ ಫೋಟೋಗಳನ್ನೂ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಒಂದು ಪುಟದಲ್ಲಿ ಸಾಲಾಗಿ ಜೋಡಿಸಿ, ಒಂದೊಂದರ ಮೇಲೆ ಒತ್ತಿದರೆ ದೊಡ್ಡ ಚಿತ್ರದ ಪುಟ ತೆರೆಯುವಂತೆ ಮಾಡಿಕೊಡುತ್ತಿತ್ತು. ಮರುಪ್ರಶ್ನೆ ಹಾಕುತ್ತಿರಲಿಲ್ಲ. “ಇಂಥ ಸೊಸೆ ಸಿಕ್ಕಬೇಕಾದ್ರೆ ಪುಣ್ಯ ಮಾಡಿರಬೇಕು” ಎಂದು ಅವರು ಒಮ್ಮೆ ಹೇಳಿದ್ದುಂಟು. (ಅವರಿಗೆ ಮಕ್ಕಳಿಲ್ಲ.) ಅದರ ಕೈಪಿಡಿ ನಲವತ್ತು ಪುಟ ಇತ್ತು. ಅಷ್ಟುದ್ದ ಬರೆದವರು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿಯಿಂದ ಅದನ್ನು ಅವರು ಓದಲೇ ಇಲ್ಲ.

ಇತ್ತ ತನಿಖೆ ಮುಂದುವರಿಯಿತು. ಸಾಕ್ಷ್ಯಗಳು ಕಲಸಿಹೋಗಬಾರದೆಂದು ಶಂಕಿತರ ಫೋಟೋಗಳಿಗೆ ಹೆಸರಿಡತೊಡಗಿದರು. ಕನ್ನಡ ಅಕ್ಷರ ಆ ಕಪ್ಪು ಪರದೆಗೆ ಒಗ್ಗದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಧನಂಜಯನ ಮಾವ ನಟರಾಜ ಗಾರು ಊಟಕ್ಕೆ ಮೊದಲು ಎರಡು ಸಲ ಬಾಗಿಲಿನತ್ತ ನೋಡಿದ್ದರು: dodda_kalla_nataraja. ಅವರ ಹೆಂಡತಿ ದುರ್ಗಾಂಬ ದೊಡ್ಡ ಚೀಲ ಹಿಡಿದು ಒಂಥರಾ ನಗುತ್ತಿದ್ದರು: durgamba_kalla_nagu. ಪುರೋಹಿತರ ಪಾದ ತಮ್ಮದೇ ಅಳತೆಯದು, ಆದರೂ ಅವರು ದೇವರ ಕೆಲಸದವರು ಎಂದು ಶಿಕ್ಷೆಯಲ್ಲಿ ರಿಯಾಯಿತಿ: sanna_kalla_purohita. ಜಯಮ್ಮನವರ ಫೋಟೋ ಬಂದಾಗ ಮಾತ್ರ ಆಯೋಗದ ಮನಸ್ಸು ಕರಗಿತು. ಎಪ್ಪತ್ತರ ಮುದುಕಿ, ಬೆಳಗಿನಿಂದ ಸಂಜೆಯವರೆಗೆ ಮಂದಾಸನದ ಪಕ್ಕ ಕೂತವರು. jayamma_niraparadhi ಎಂದು ಖುಲಾಸೆ ಮಾಡಿದರು.

“ನನ್ನ ತಮ್ಮನ ಒಂದು ಒಳ್ಳೇ ಫೋಟೋನೂ ತೆಗೆದಿಲ್ವಾ?” ಎಂದು ಪಾರ್ವತಿ ಅಡುಗೆಮನೆಯಿಂದಲೇ ಕೇಳಿದಳು.

ತೆಗೆದಿದ್ದರು. ರೇಷ್ಮೆ ಪಂಚೆ, ಜರಿ ಶಲ್ಯ, ಅಗಲವಾದ ಭುಜ. ಅಷ್ಟು ಜನರ ನಡುವೆ ಧನಂಜಯ ಥಳಥಳ ಹೊಳೆಯುತ್ತಿದ್ದ. ನಾರಾಯಣಸ್ವಾಮಿಯವರಿಗೆ ಯಾಕೋ ಮನಸ್ಸು ತುಂಬಿ ಬಂತು. ಜೀವಮಾನದಲ್ಲಿ ಮೊದಲ ಸಲ ಬಾವಮೈದನ ಬಗ್ಗೆ ಒಂದು ಒಳ್ಳೆಯ ಮಾತು ಬರೆದರು: eddu_kaanuva_yajamana. ಎಲ್ಲರ ನಡುವೆ ಎದ್ದು ಕಾಣುವ ಮನೆಯ ಯಜಮಾನ ಎಂದರ್ಥ.

ಭಾನುವಾರ ಇಡೀ ದಿನ ಮನೆಯ ಫೋನು ಕಟ್ಟಿಹಾಕಿಕೊಂಡು ಪುಟಗಳನ್ನು ಇಂಟರ್ನೆಟ್ಟಿಗೆ ಏರಿಸಿದರು. ಮೊದಲ ಪುಟ ನೋಡಿದರು; ಚಿಕ್ಕ ಚಿತ್ರಗಳಷ್ಟೇ ಇದ್ದವು. ನೂರನೆಯದರ ಮೇಲೆ ಒತ್ತಿ ಪರೀಕ್ಷಿಸಿದರು. ಅಡುಗೆ ಭಟ್ಟನ ಫೋಟೋದ ಕೆಳಗೆ ಕ್ಯಾಮೆರಾ ಕೊಟ್ಟ ನಂಬರು ಮಾತ್ರ ಇತ್ತು. ತೃಪ್ತಿಯಾಯಿತು. ವಿಳಾಸವನ್ನು ಧನಂಜಯನಿಗೆ ಮೇಲ್ ಮಾಡಿದರು.

ಮಂಗಳವಾರ ವಿಜಯವಾಡದಿಂದ ಧನಂಜಯನ ಹೆಂಡತಿ ಅನಸೂಯಾ ಫೋನು ಮಾಡಿದಳು. ಅವಳು ತೆಲುಗಿನ ಹುಡುಗಿ. ಅತ್ತಿಗೆಯ ಜೊತೆ ಕಷ್ಟಪಟ್ಟು ಕನ್ನಡ ಕಲಸುತ್ತಾಳೆ.

“ವದಿನಾ, ಅನ್ನಯ್ಯಗಾರು ಎಂತಾ ಬಾಗ, ಎಷ್ಟು ಚೆನ್ನಾಗಿ ಬರೆದಿದಾರೆ ಅಂಡಿ! ನಮ್ಮ ನಾನ್ನಗಾರು, ಅದೇ ನಮ್ಮಪ್ಪ, ಅದನ್ನ ಪ್ರಿಂಟ್ ಮಾಡಿಸಿ ಫ್ರೇಮ್ ಹಾಕಿಸಿದಾರೆ. ಅಮ್ಮ ಅಂತೂ ಎರಡು ದಿನದಿಂದ ಕನ್ನಡಿ ಮುಂದೇ ಇದಾರೆ. ಭಾನುವಾರ ನೀವಿಬ್ಬರೂ ಊಟಕ್ಕೆ ಬರ್ಲೇಬೇಕು.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಈಯನೇ, ನಿಮ್ಮ ತಮ್ಮ, ಒಬ್ಬರು ಸರಿಯಾಗಿ ಅನ್ನ ತಿಂತಿಲ್ಲ. ಕಾರಣ ಕೇಳಿದ್ರೆ ಸ್ಕ್ರೀನ್ ತೋರಿಸ್ತಾರೆ.”

ಫೋನಿಟ್ಟ ಪಾರ್ವತಿ ಕೇಳಿದಳು: “ಏನು ಬರೆದಿದೀರಿ?”

“ನಾನೇನೂ ಬರೆದಿಲ್ಲ. ಬರೀ ಫೋಟೋ. ಅವಳಿಗ್ಯಾಕೆ ಇಷ್ಟು ಸಂತೋಷ? ಇದರಲ್ಲೇನೋ ಮಸಲತ್ತಿದೆ.”

ಗುಮಾನಿಯಿಂದಲೇ ಪುಟ ತೆರೆದರು. ನಟರಾಜ ಗಾರು ಅವರ ಚಿತ್ರದ ಮೇಲೆ ಒತ್ತಿದರು. ದೊಡ್ಡ ಚಿತ್ರ, ಅದರ ಕೆಳಗೆ ಮದುವೆ ಪತ್ರಿಕೆಯಷ್ಟು ಅಂದವಾದ ಅಕ್ಷರದಲ್ಲಿ: dodda kalla nataraja. ಆ ಸೊಸೆಯಂಥ ತಂತ್ರಾಂಶ, ಕಡತದ ಹೆಸರನ್ನೇ ಫೋಟೋದ ಅಡಿಬರಹ ಮಾಡಿ, ನಡುವಿನ ಅಡ್ಡಗೆರೆಗಳನ್ನೂ ತಾನೇ ಒರೆಸಿ, ಊರಿಗೆಲ್ಲ ಬಡಿಸಿತ್ತು! ಪಾರ್ವತಿ ಬಗ್ಗಿ ಒಂದೊಂದನ್ನೇ ಓದಿದಳು.

“ಕಳ್ಳ ನಟರಾಜ! ಕಳ್ಳ ನಗು! ನನ್ನ ತಮ್ಮನ ಮಾವನ ಕಡೆಯೋರಿಗೆಲ್ಲಾ ಕಳ್ಳ ಅಂತ ಬೋರ್ಡ್ ಬರೆದು ಹಾಕಿದೀರಲ್ರೀ! ಒಂದು ಜೊತೆ ಮೆಟ್ಟಿಗೆ!”

“ತಡಿ, ತಡಿ. ಅವರಿಗೆ ಸಿಟ್ಟೇ ಬಂದಿಲ್ವಲ್ಲ? ಫ್ರೇಮ್ ಹಾಕಿಸಿದಾರೆ ಅಂದ್ರೆ…”

ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ತೆಲುಗಿನಲ್ಲಿ ಕಳ್ಳನಿಗೆ ದೊಂಗ ಎನ್ನುತ್ತಾರೆ. ಕಳ್ಳು ಎಂದರೆ ಅವರಿಗೆ ಕಣ್ಣು, ಕಳ್ಳ ಎಂದರೆ ಕಣ್ಣುಗಳ. ದೊಡ್ಡ ಕಳ್ಳ ನಟರಾಜ ಎಂದರೆ ವಿಶಾಲ ನೇತ್ರಗಳ ನಟರಾಜ. ದುರ್ಗಾಂಬನವರದು ಕಣ್ಣಲ್ಲಿ ಕುಣಿಯುವ ನಗು. ಪುರೋಹಿತರು ಕಿರುಗಣ್ಣಿನವರು (ಅದು ನಿಜವೂ ಆಗಿತ್ತು). ತಮ್ಮೂರಿನ ಸಿಂಹಾಚಲದ ದೇವರೇ ಬಂದು ಮಾನ ಕಾಪಾಡಿದನೆಂದು ನಾರಾಯಣಸ್ವಾಮಿಯವರು ಕೈಮುಗಿಯುವಷ್ಟರಲ್ಲಿ ಪಾರ್ವತಿ ‘ಅಯ್ಯೋ’ ಎಂದು ಕುರ್ಚಿಯಲ್ಲಿ ಕುಸಿದಳು.

“ಧನು… ಎದ್ದು…”

ತೆಲುಗಿನಲ್ಲಿ ಎದ್ದು ಎಂದರೆ ಎತ್ತು.

ಪಾರ್ವತಿ ಮದ್ದೂರಿನಲ್ಲಿ ಅಜ್ಜಿಯ ಮನೆಯಲ್ಲಿ ಓದಿ ಬೆಳೆದವಳು. ಧನಂಜಯ ಹಾಗಲ್ಲ. ರೈಲ್ವೆಯಲ್ಲಿದ್ದ ಅಪ್ಪನ ಜೊತೆ ಮೂರನೇ ವರ್ಷಕ್ಕೇ ವಿಜಯವಾಡ ಸೇರಿ, ಅಲ್ಲೇ ಓದಿ, ಅಲ್ಲೇ ಬ್ಯಾಂಕು ಸೇರಿದವನು. ಅವನ ಮನೆಯಲ್ಲಿ ನಡೆಯುವುದು ಅರ್ಧ ಕನ್ನಡ, ಅರ್ಧ ತೆಲುಗು. ಜಯಮ್ಮನವರೂ ಹಾಲು ಕುಡಿಯುವ ಬೆಕ್ಕನ್ನು ‘ದೊಂಗ ಬೆಕ್ಕು’ ಎಂದೇ ಓಡಿಸುತ್ತಾರೆ. ಆ ಭಾಷೆಯಲ್ಲಿ ‘ಎದ್ದು ಕಾಣುವ ಯಜಮಾನ’ ಎಂದರೆ ಎತ್ತಿನ ಹಾಗೆ ಕಾಣುವ ಯಜಮಾನ. ಅವನ ಕುತ್ತಿಗೆ ಬೇರೆ ಸ್ವಲ್ಪ ದಪ್ಪ.

“ಫೋನ್ ಮಾಡಿ ಅದು ಕನ್ನಡ ಅಂತ ಹೇಳ್ಬಿಡ್ತೀನಿ” ಎಂದು ನಾರಾಯಣಸ್ವಾಮಿಯವರು ಎದ್ದರು.

“ಕೂತ್ಕೊಳಿ! ಎದ್ದು ಕನ್ನಡ ಆದ್ರೆ ಕಳ್ಳಾನೂ ಕನ್ನಡವೇ ಅಲ್ವಾ?”

ಕೂತರು. ಕನ್ನಡವೆಂದರೆ ಬೀಗರು ಕಳ್ಳರು, ತೆಲುಗೆಂದರೆ ಬಾವಮೈದ ಎತ್ತು. ಎರಡು ಭಾಷೆ ಬಲ್ಲವನಿಗೆ ಇಂಥ ಗತಿ ಬರುವುದಾದರೆ ಯಾಕೆ ಕಲಿಯಬೇಕಿತ್ತೋ ಎಂದು ಅವರಿಗೆ ಬೇಸರವಾಯಿತು. ಅಳಿಸಿಹಾಕೋಣವೆಂದರೆ ಒಂದು ಪುಟ ಆಗಲೇ ಗಾಜಿನೊಳಗೆ ಕೂತು ಗೋಡೆ ಏರಿತ್ತು.

ಭಾನುವಾರ ಬೆಳಿಗ್ಗೆ ರೈಲು ಹತ್ತಿದರು. ತುನಿ ಸ್ಟೇಷನ್ ದಾಟಿದ ಮೇಲೆ, ಪಾರ್ವತಿ ಕಿಟಕಿಯ ಕಡೆ ಮುಖ ಮಾಡಿಯೇ, “ಅಮ್ಮನಿಗೆ ಎಪ್ಪತ್ತಾಯ್ತು. ಇನ್ನೊಂದು ಆರು ವರ್ಷ ಅಂದ್ರೆ ನಾನೇನ್ ಮಾಡ್ಲಿ?” ಎಂದಳು. ನಾರಾಯಣಸ್ವಾಮಿಯವರಿಗೆ ಮೊದಲ ಬಾರಿಗೆ ಚಪ್ಪಲಿ ಮರೆತುಹೋಯಿತು. ಹೆಂಡತಿಯ ಕೈ ಹಿಡಿಯೋಣವೆನ್ನಿಸಿತು, ಆದರೆ ಎದುರು ಸೀಟಿನವನು ನೋಡುತ್ತಿದ್ದಾನೆಂಬ ಸಂಶಯ.

ವಿಜಯವಾಡದಲ್ಲಿ ಅವರಿಗೆ ರಾಜಮರ್ಯಾದೆ. ನಟರಾಜ ಗಾರು ಎಂದಿನ ಕನ್ನಡಕ ತೆಗೆದಿಟ್ಟು, ಕಣ್ಣು ಅಗಲಿಸಿಕೊಂಡು, ಮೇಜಿಗೆ ಎರಡು ಕಡೆ ಮೊಣಕಾಲು ತಗುಲಿಸಿಕೊಂಡು ಬಂದು ಕೈ ಕುಲುಕಿದರು. ಅರವತ್ತು ದಾಟಿದ ದುರ್ಗಾಂಬ ಕಾಡಿಗೆ ತೀಡಿದ್ದರು. ಧನಂಜಯ ಮಾತ್ರ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ.

“ಬಾವಾ,” ಎಂದ ಪೇಪರಿನ ಹಿಂದಿನಿಂದ. “ಮಾವನೋರಿಗೆ ಕಳ್ಳು, ಅತ್ತೆಗೆ ಕಳ್ಳು, ಪುರೋಹಿತ ಪಂತುಲುಗಾರಿಗೂ ಕಳ್ಳು. ನನಗೊಬ್ಬನಿಗೇ ಎದ್ದು. ಮೆಡ, ಈ ಕುತ್ತಿಗೆ, ಸ್ವಲ್ಪ ದಪ್ಪ ಇದೆ, ಒಪ್ಕೋತೀನಿ. ಅದಕ್ಕೆ ಊರಿಗೆಲ್ಲಾ ಕಾಣೋ ಹಾಗೆ ಎದ್ದು ಅಂತ ಬರೀಬೇಕಾ? ಆರು ವರ್ಷದ ಹಿಂದೆ ಆ ಡಿಕಾಕ್ಷನ್ನು. ಈಗ ಇದು.”

“ಅದು ಎದ್ದು ಅಲ್ಲಪ್ಪ, ಅದು ಕನ್…” ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಪಾರ್ವತಿಯ ಹಿಮ್ಮಡಿ ಅವರ ಕಾಲಿನ ಮೇಲೆ ಇಳಿಯಿತು.

“ಏಮಂಡಿ, ಅದು ಕನ್ನಡಮಾ?” ಎಂದು ನಟರಾಜ ಗಾರು ಕುತೂಹಲದಿಂದ ಮುಂದೆ ಬಾಗಿದರು. “ಹಾಗಾದ್ರೆ ನಂದು ಏನು ಅರ್ಥಂ?”

“ತೆಲುಗೇ! ಶುದ್ಧ ತೆಲುಗು!” ಎಂದು ನಾರಾಯಣಸ್ವಾಮಿಯವರು ಉಳಿದದ್ದನ್ನು ನುಂಗಿಕೊಂಡರು. ಆಮೇಲೆ ಎತ್ತಿನ ಮಹಿಮೆಯನ್ನು ವರ್ಣಿಸಲು ಹೊರಟರು. ಶಿವನ ಮುಂದೆ ನಂದಿ ಇಲ್ಲವೇ, ಸಂಸಾರದ ಗಾಡಿ ಎಳೆಯುವವರು ಯಾರು, ಇತ್ಯಾದಿ. ಮಾತು ಮುಂದುವರಿದಷ್ಟೂ ಧನಂಜಯನ ಮುಖಕ್ಕೆ ರಕ್ತ ಏರಿತು. ಪೇಪರು ಮಡಿಸಿ ಎದ್ದು ನಿಂತ. ಪಾರ್ವತಿಯ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಜಯಮ್ಮನವರು ಮಗಳನ್ನೂ ಮಗನನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು.

ಇನ್ನು ತಡೆಯುವಂತಿರಲಿಲ್ಲ. ನಾರಾಯಣಸ್ವಾಮಿಯವರು ಬಾವಮೈದನ ಕೈ ಹಿಡಿದರು.

“ಧನು, ಕೂತ್ಕೋ. ಆ ಹೆಸರು ನಿನ್ನ ಫೋಟೋದ್ದಲ್ಲ. ಯಜಮಾನ ಅಂದ್ರೆ ಯಾರು? ನಿಮ್ಮಕ್ಕನ ಯಜಮಾನ. ನಾನು! ಕಪ್ಪು ಸ್ಕ್ರೀನಲ್ಲಿ ಹೆಸರು ಬದಲಾಯಿಸುವಾಗ ಒಂದು ನಂಬರ್ ಆಚೀಚೆ ಆಗಿ ನಿನಗೆ ಅಂಟ್ಕೊಂಡ್ಬಿಡ್ತು. ಎದ್ದು ನಾನೇ ಕಣಪ್ಪ. ಇವತ್ತೂ ನಾನೇ, ಆ ಕಾಫಿ ದಿವಸಾನೂ ನಾನೇ. ಆವತ್ತು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು.”

ಕೊನೆಯ ನಾಲ್ಕು ಮಾತು ಸುಳ್ಳಲ್ಲ. ಹೇಳಿದ ಮೇಲೆ ಅವರಿಗೇ ಎದೆ ಹಗುರಾಯಿತು. ಧನಂಜಯನ ದಪ್ಪ ಕುತ್ತಿಗೆ ಅಲುಗಾಡಿ, ಹೊಟ್ಟೆ ಅಲುಗಾಡಿ, ಆರು ವರ್ಷದ ನಗು ಒಟ್ಟಿಗೇ ಬಂತು. “ಹಾಗಂದ್ರೆ ಸರಿಯಾಗೇ ಇದೆ ಬಾವಾ!” ಎಂದ. ಪಾರ್ವತಿ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. (ಇಷ್ಟು ಗಟ್ಟಿಯಾಗಿ ನಗುವ ಅಗತ್ಯ ಏನಿತ್ತೆಂದು ನಾರಾಯಣಸ್ವಾಮಿಯವರಿಗೆ ಅನ್ನಿಸದಿರಲಿಲ್ಲ.) ಊಟದ ಹೊತ್ತಿಗೆ ಧನಂಜಯ ಆ ಕಪ್ಪು ಪರದೆಯ ತಂತ್ರಾಂಶ ತನಗೂ ಬೇಕೆಂದು ಪಟ್ಟು ಹಿಡಿದು, ಸೀಡಿ ಕಾಪಿ ಮಾಡಿಸಿಕೊಂಡು, ಬಾವನಿಂದಲೇ ಪಾಠ ಹೇಳಿಸಿಕೊಂಡ.

ಅಷ್ಟರಲ್ಲಿ ಒಳಗಿನಿಂದ ಅನಸೂಯಾಳ ದನಿ ಕೇಳಿಸಿತು. ಇಂಗ್ಲಿಷ್ ಅಕ್ಷರ ಬಾರದ ಅತ್ತೆಗೆ ಕಂಪ್ಯೂಟರಿನ ಮುಂದೆ ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. “ದೊಡ್ಡ ಕಳ್ಳ ನಟರಾಜ… ದುರ್ಗಾಂಬ ಕಳ್ಳ ನಗು… ಸಣ್ಣ ಕಳ್ಳ ಪುರೋಹಿತ…” ನಾರಾಯಣಸ್ವಾಮಿಯವರ ಬಾಯಲ್ಲಿದ್ದ ಪುಳಿಹೋರ ಅಲ್ಲೇ ನಿಂತಿತು. ಜಯಮ್ಮನವರು ಬೆಕ್ಕನ್ನು ಏನೆಂದಾದರೂ ಕರೆಯಲಿ, ಅವರು ಹುಟ್ಟಿದ್ದು ಮದ್ದೂರಿನಲ್ಲಿ.

ಅವರು ಮೆಲ್ಲಗೆ ಬಂದು ಅಳಿಯನನ್ನು ಹಿತ್ತಲಿಗೆ ಕರೆದರು.

“ಅಳಿಯಂದ್ರೇ, ನನ್ ಮುಂದೆ ಮುಚ್ಚಿಡ್ಬ್ಯಾಡಿ. ಏನ್ ಕಳ್ದೋಗಿತ್ತು?”

“ಚಪ್ಪಲಿ…” ಎಂದರು ಅವರು, ಮೂರನೇ ಕ್ಲಾಸಿನ ದನಿಯಲ್ಲಿ.

“ಬಾಗ್ಲತ್ರ ಇದ್ದ ಹೊಸ ಮೆಟ್ಟಾ? ಅಯ್ಯೋ ಶಿವನೇ! ಪುರೋಹಿತ್ರಿಗೆ ಕೊಡೋಕೆ ಅಂತ ಧನು ತಂದಿದ್ದ ದಾನದ ಮೆಟ್ಟು ಅವ್ರ ಕಾಲ್ಗೆ ಹಿಡೀಲೇ ಇಲ್ಲ. ಮೂರ್ತ ಮೀರ್ತಿತ್ತು. ಬಾಗ್ಲಲ್ಲಿ ಹೊಸದು ಕಂಡ್ತು, ಧನೂದೇ ಇನ್ನೊಂದು ಜೊತೆ ಅನ್ಕೊಂಡು ತುಳಸಿ ಇಟ್ಟು, ನೀರು ಬಿಟ್ಟು ನಾನೇ ದಾನ ಕೊಟ್ಬುಟ್ಟೆ. ಪುಣ್ಯ ನಿಮಗೇ ಬಂತು ಬುಡಿ.”

ಇನ್ನೂರ ಎಂಬತ್ತಾರು ಫೋಟೋಗಳಲ್ಲಿ ಆಯೋಗವು ಬಿಡುಗಡೆ ಮಾಡಿದ್ದ ಏಕೈಕ ನಿರಪರಾಧಿ ಸೆರಗು ಸರಿಮಾಡಿಕೊಂಡು ಮುಂದುವರಿದರು.

“ಕಳ್ಳ ಅಂದ್ರೇನು ಅಂತ ನಾನ್ ಯಾರ್ಗೂ ಯೋಳಾಕಿಲ್ಲ. ಆದ್ರೆ ಸಿಂಹಾಚಲದ ಅಪ್ಪನ್ನ ನೋಡ್ಬೇಕು ಅಂತ ಆರು ವರ್ಸದಿಂದ ಆಸೆ. ಇವತ್ತೇ ನಿಮ್ ಜೊತೆ ಬತ್ತೀನಿ. ಸಂಕ್ರಾಂತಿ ಗಂಟ ಇರ್ತೀನಿ. ಗಂಟು ಕಟ್ಟೇ ಮಡಗಿವ್ನಿ.”

ಗಂಟು ಎಂದರೆ ಒಂದಲ್ಲ. ಎರಡು ಟ್ರಂಕು, ಹಾಸಿಗೆ ಸುರುಳಿ, ಆವಕಾಯಿಯ ಮೂರು ಜಾಡಿ, ಒರಳುಕಲ್ಲಿನ ಗುಂಡು. (ವೈಜಾಗಿನ ಗುಂಡಿನ ಮೇಲೆ ಜಯಮ್ಮನವರಿಗೆ ನಂಬಿಕೆಯಿರಲಿಲ್ಲ.) ಸ್ಟೇಷನ್ನಿನಲ್ಲಿ ತಾಯಿ ಮಗಳು ಕೈ ಕೈ ಹಿಡಿದು ಮುಂದೆ ನಡೆದರು; ಪಾರ್ವತಿಯ ಮುಖದಲ್ಲಿ ಅಂಥ ಬೆಳಕನ್ನು ನಾರಾಯಣಸ್ವಾಮಿಯವರು ಮದುವೆಯಾದ ಮೇಲೆ ಕಂಡಿರಲಿಲ್ಲ. ಹಿಂದೆ ಅವರು, ತಲೆಯ ಮೇಲೆ ಟ್ರಂಕು, ಹೆಗಲಿಗೆ ಹಾಸಿಗೆ, ಎರಡೂ ಕೈಗೆ ಜಾಡಿ, ಕುತ್ತಿಗೆ ಬಾಗಿಸಿ ನಡೆಯುತ್ತಿದ್ದರು. “ಬಾವಾ, ಒಂದು ನಿಮಿಷ ಹಾಗೇ!” ಎಂದ ಧನಂಜಯ. ಪಕ್ಕನೆ ಬೆಳಕು ಮಿಂಚಿತು.

ಬುಧವಾರ ಮೇಲ್‌ನಲ್ಲಿ ಒಂದು ವಿಳಾಸ ಬಂತು. ಧನಂಜಯ ಮಾಡಿದ ಮೊದಲ ಗ್ಯಾಲರಿ. ಅದರಲ್ಲಿ ಒಂದೇ ಒಂದು ಫೋಟೋ. ಪ್ಲಾಟ್‌ಫಾರಂ, ಟ್ರಂಕು, ಬಾಗಿದ ಕುತ್ತಿಗೆ. ಕೆಳಗೆ ಅಂದವಾದ ಅಕ್ಷರದಲ್ಲಿ: eddu kaanuva yajamana.

ನಾರಾಯಣಸ್ವಾಮಿಯವರು ಅದನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಬಾವಮೈದ ಮನಸಾರೆ ಹೊಗಳಿದ್ದಾನೋ, ಇಲ್ಲ ಬೇರೇನಾದರೂ ಇದೆಯೋ? ಊಟಕ್ಕೆ ಕರೆದರೂ ಏಳಲಿಲ್ಲ.

“ಪಾರ್ವತೀ, ಇದನ್ನ ಕನ್ನಡದಲ್ಲಿ ಓದ್ಬೇಕೋ ತೆಲುಗಲ್ಲೋ?”

ಪಾರ್ವತಿ ತಾಯಿಗೆ ಬಡಿಸುತ್ತಿದ್ದವಳು ಸೌಟು ಹಿಡಿದೇ ಬಂದು, ಬಗ್ಗಿ ನೋಡಿದಳು.

“ಯಾವುದ್ರಲ್ಲಿ ಓದಿದ್ರೂ ನೀವೇ ಕಣ್ರೀ” ಎಂದು ಒಳಗೆ ಹೋದಳು.